ಮೂರು ಮೂಲೆಯ ಹೊಲ

ಚೌಕವಾದ ಹೊಲವನ್ನು ಅಳೆಯಲು ಪಂಡಿತನು ಬೇಕಾಗಿಲ್ಲ. ಉದ್ದವನ್ನು ಅಗಲದಿಂದ ಗುಣಿಸಿದರೆ ಮುಗಿಯಿತು. ಆದರೆ ತರೀಕೆರೆ ಸೀಮೆಯ ಹೆಬ್ಬೆಯಂಥ ಮಲೆಯ ನೆಲದಲ್ಲಿ ಹಳ್ಳ ಹರಿದಂತೆ, ಗುಡ್ಡ ಇಳಿದಂತೆ ಹೊಲದ ಅಂಚು ಓರೆಯಾಗುತ್ತದೆ. ಅಂಥ ನೆಲವನ್ನು ತ್ರಿಭುಜಗಳಾಗಿ ಒಡೆದು ಅಳೆಯಬೇಕು. ತ್ರಿಭುಜದ ವಿಸ್ತೀರ್ಣವನ್ನು ಕಾಣುವ ಬಗೆಯನ್ನು 9ನೆಯ ಶತಮಾನದಲ್ಲಿಯೇ ವಿವರಿಸಿದವನು ಮಹಾವೀರಾಚಾರ್ಯ.

ಕವಿರಾಜಮಾರ್ಗವು ಹುಟ್ಟಿದ ನೃಪತುಂಗನ (814–878) ಕಾಲದವನೇ ಈತ. ‘ಗಣಿತಸಾರಸಂಗ್ರಹ’ವೆಂಬ ಅವನ ಸಂಸ್ಕೃತ ಗ್ರಂಥದಲ್ಲಿ ವಿಸ್ತೀರ್ಣಕ್ಕೆ ಎರಡು ಬಗೆಯ ಲೆಕ್ಕಗಳಿವೆ: ಒಂದು ವ್ಯಾವಹಾರಿಕ, ಇನ್ನೊಂದು ಸೂಕ್ಷ್ಮ. ಎರಡು ಪಕ್ಕಗಳ ಸರಾಸರಿಯನ್ನು ಪಾದದ ಅರ್ಧದಿಂದ ಗುಣಿಸುವುದು ವ್ಯಾವಹಾರಿಕ. ಪಕ್ಕಗಳು 13 ಮತ್ತು 15 ಕೋಲು, ಪಾದ 14 ಕೋಲು ಇರುವ ಹೊಲವೊಂದನ್ನು ನೆನೆಯೋಣ. ಸರಾಸರಿ 14, ಪಾದದ ಅರ್ಧ 7. ಗುಣಲಬ್ಧ 98 ಚದರ ಕೋಲು.

ಸೂಕ್ಷ್ಮದ ದಾರಿ ಬೇರೆ. ಮೇಲಣ ಮೂಲೆಯಿಂದ ಪಾದಕ್ಕೆ ಲಂಬವನ್ನು ಇಳಿಸಿದರೆ ಹೊಲವು ಎರಡು ಲಂಬಕೋನ ತ್ರಿಭುಜಗಳಾಗುತ್ತದೆ. 13 ಮತ್ತು 15 ಅವುಗಳ ಕರ್ಣಗಳು. ಅವುಗಳ ವರ್ಗಗಳಾದ 169 ಮತ್ತು 225ರ ಅಂತರ 56. ಅದನ್ನು ಪಾದದಿಂದ ಭಾಗಿಸಿದರೆ 4. ಈ ನಾಲ್ಕನ್ನು ಪಾದಕ್ಕೆ ಒಮ್ಮೆ ಕೂಡಿಸಿ, ಒಮ್ಮೆ ಪಾದದಿಂದ ಕಳೆದು, ಅರ್ಧಿಸಿದರೆ 9 ಮತ್ತು 5. ಲಂಬವು ಪಾದವನ್ನು ಕಡಿದ ಈ ತುಂಡುಗಳನ್ನು ಹಳಬರು ಆಬಾಧೆ ಎಂದರು. 169ರಲ್ಲಿ 5ರ ವರ್ಗವಾದ 25ನ್ನು ಕಳೆದರೆ 144. ಅದರ ವರ್ಗಮೂಲವಾದ 12 ಲಂಬದ ಅಳತೆ. ಅದನ್ನು 7ರಿಂದ ಗುಣಿಸಿದರೆ ನಿಜವಾದ ವಿಸ್ತೀರ್ಣ 84.

ಮೊದಲ ಲೆಕ್ಕದಲ್ಲಿ 14 ಚದರ ಕೋಲು ನೆಲ ಗಾಳಿಯಲ್ಲಿ ಹುಟ್ಟಿತು. ಇದು ಆಕಸ್ಮಿಕವಲ್ಲ. ಕರ್ಣವು ಲಂಬಕ್ಕಿಂತ ಯಾವಾಗಲೂ ಉದ್ದ. ಲಂಬದ ಸ್ಥಾನದಲ್ಲಿ ಓರೆಯ ಪಕ್ಕಗಳ ಸರಾಸರಿಯನ್ನು ಕೂರಿಸಿದ ಲೆಕ್ಕವು ಹೆಚ್ಚನ್ನೇ ತೋರಿಸುತ್ತದೆ, ಎಂದಿಗೂ ಕಡಿಮೆಯನ್ನು ತೋರಿಸದು. ವಿಸ್ತೀರ್ಣಕ್ಕೆ ತಕ್ಕಂತೆ ಕಂದಾಯವೆಂದಾದರೆ ಉಳುವವನು ಇಲ್ಲದ ನೆಲಕ್ಕೂ ತೆರಬೇಕು. ಕೊಳ್ಳುವವನು ಇಲ್ಲದ ನೆಲಕ್ಕೂ ಹಣ ಎಣಿಸಬೇಕು. ತಪ್ಪು ಎರಡು ಕಡೆಗೂ ವಾಲುವಂತಿದ್ದರೆ ಕಾಲಕ್ರಮದಲ್ಲಿ ಸರಿದೂಗೀತು. ಒಂದೇ ಕಡೆಗೆ ವಾಲುವ ತಪ್ಪು ಅನ್ಯಾಯವಾಗುತ್ತದೆ. ಬೆಟ್ಟದ ಇಳಿಜಾರಿನಲ್ಲಿಯೂ ಇದೇ ತತ್ತ್ವ: ಇಳುಕಲಿನ ಉದ್ದವು ಕರ್ಣ, ಮಟ್ಟದ ಉದ್ದವು ಭುಜ. ಸರ್ವೆಯವರು ಸರಪಣಿಯನ್ನು ನೆಲಕ್ಕೆ ಹಾಸದೆ, ಮೆಟ್ಟಿಲು ಮೆಟ್ಟಿಲಾಗಿ ಮಟ್ಟಕ್ಕೆ ಹಿಡಿದು ಅಳೆಯುತ್ತಿದ್ದುದು ಈ ಕಾರಣದಿಂದ.

ಹೊಯ್ಸಳರ ಕಾಲದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ರಚಿಸಿದನು. ಅದನ್ನು ಕೇವಲ ಪಾಂಡಿತ್ಯವೆಂದು ಎಣಿಸಬಾರದು. ಅಳೆಯುವವನ ಲೆಕ್ಕವು ಅಳೆಸಿಕೊಳ್ಳುವವನ ಭಾಷೆಗೆ ಬಂದಾಗ ಮಾತ್ರ, ತನ್ನ ಹೊಲದ ಲಂಬವೆಲ್ಲಿ ಎಂದು ಅವನು ಕೇಳಬಲ್ಲನು.