ಗುರುತು ಬೇರೆ, ನೆನಪು ಬೇರೆ

1891ರ ಜುಲೈ ತಿಂಗಳು. ವಿಲಾಯತಿಯಿಂದ ಬ್ಯಾರಿಸ್ಟರಾಗಿ ಮುಂಬಯಿಗೆ ಬಂದಿಳಿದ ಗಾಂಧೀಜಿಗೆ ಡಾ. ಪ್ರಾಣಜೀವನ ಮೆಹತಾ ಅವರ ಮನೆಯಲ್ಲಿ ರಾಯಚಂದಭಾಯಿ ಎಂಬ ತರುಣ ಜವಾಹಿರಿ ವ್ಯಾಪಾರಿಯ ಪರಿಚಯವಾಯಿತು. ಅವರು ಶತಾವಧಾನಿ ಎಂದು ತಿಳಿದು ಗಾಂಧೀಜಿ ಪರೀಕ್ಷೆಗೇ ಇಳಿದರು. ಯೂರೋಪಿನ ಭಾಷೆಗಳಲ್ಲಿ ತಮಗೆ ಬರುತ್ತಿದ್ದ ಪದಗಳನ್ನೆಲ್ಲ ಒಂದರ ಮೇಲೊಂದು ಹೇಳಿದರು. ಇಂಗ್ಲಿಷ್ ವಿದ್ಯೆಯ ಸೋಂಕಿಲ್ಲದ ರಾಯಚಂದಭಾಯಿ ಅವನ್ನು ಅದೇ ಕ್ರಮದಲ್ಲಿ ಒಪ್ಪಿಸಿಬಿಟ್ಟರು! ಗಾಂಧೀಜಿಗೆ ಅಸೂಯೆಯಾಯಿತು, ಆದರೆ ತಮ್ಮನ್ನು ಸೆಳೆದದ್ದು ಆ ಚಮತ್ಕಾರವಲ್ಲ, ಅವರ ಶಾಸ್ತ್ರಜ್ಞಾನ ಮತ್ತು ಶೀಲ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ರಾಯಚಂದರು ಅವಧಾನ ಪ್ರದರ್ಶನಗಳನ್ನು ಇಪ್ಪತ್ತರ ಆಸುಪಾಸಿನಲ್ಲೇ ಬಿಟ್ಟಿದ್ದರು. (ಅವರ ಪಾಲುದಾರ ರೇವಾಶಂಕರರ ಮನೆಯೇ ನಾವು ಮಕ್ಕಳಿಗೆ ತೋರಿಸುವ ಗಾಂವದೇವಿಯ ಮಣಿಭವನ.)

ಅರ್ಥವರಿಯದೆ ಕೇಳಿದ್ದನ್ನು ಹಾಗೆ ಹಿಡಿದಿಡುವುದು ಕೋಟಿಗೊಬ್ಬರಿಗೆ ಸಾಧ್ಯ. ಉಳಿದ ನಮ್ಮ ಪಾಡೇನು?

1972ರಲ್ಲಿ ಕೆನಡಾದ ಟೊರಾಂಟೊದಲ್ಲಿ ಕ್ರೇಕ್ ಮತ್ತು ಲಾಕ್‌ಹಾರ್ಟ್ ಎಂಬ ಮನಶ್ಶಾಸ್ತ್ರಜ್ಞರು ಒಂದು ವಾದ ಮುಂದಿಟ್ಟರು: ಎಷ್ಟು ಸಲ ಉರುಹೊಡೆದೆವು ಎಂಬುದಲ್ಲ, ಎಷ್ಟು ಆಳಕ್ಕೆ ಇಳಿದೆವು ಎಂಬುದೇ ಮುಖ್ಯ. 1975ರಲ್ಲಿ ಕ್ರೇಕ್, ಟುಲ್ವಿಂಗ್ ಇಬ್ಬರೂ ಅದನ್ನು ಪ್ರಯೋಗಕ್ಕೆ ಹಚ್ಚಿದರು. ಒಂದು ಪದ ತೋರಿಸಿ, ಅಕ್ಷರ ಹೇಗಿದೆ ಎಂದು ಕೆಲವು ಸಲ, ಇಂಥ ಪದಕ್ಕೆ ಪ್ರಾಸವಾಗುತ್ತದೆಯೇ ಎಂದು ಕೆಲವು ಸಲ, ಈ ವಾಕ್ಯಕ್ಕೆ ಹೊಂದುತ್ತದೆಯೇ ಎಂದು ಕೆಲವು ಸಲ ಕೇಳಿದರು. ಅರ್ಥಕ್ಕೆ ಗಮನ ಕೊಟ್ಟ ಪದಗಳನ್ನೇ ಜನ ಆಮೇಲೆ ಹೆಚ್ಚಾಗಿ ಗುರುತು ಹಿಡಿದರು.

ಗುರುತಿನಲ್ಲೂ ಎರಡು ಬಗೆ. ರೈಲಿನಲ್ಲಿ ಎದುರು ಕುಳಿತವರ ಮುಖ ಗೊತ್ತು, ಎಲ್ಲಿ ಕಂಡದ್ದೋ ತಿಳಿಯದು. ಇದು ಬರಿಯ ‘ಗೊತ್ತು’. ಮಾಟುಂಗದ ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿದ್ದರು ಎಂದು ಹೊಳೆದರೆ ಅದು ‘ನೆನಪು’. 1985ರಲ್ಲಿ ಟುಲ್ವಿಂಗ್ ಈ ಭೇದ ತೋರಿಸಿದರು. ಆಳವಾದ ಕಲಿಕೆಯಿಂದ ‘ನೆನಪು’ ಬೆಳೆಯುತ್ತದೆ, ‘ಗೊತ್ತು’ ಇದ್ದಷ್ಟೇ ಇರುತ್ತದೆ ಎಂದು 1988ರಲ್ಲಿ ಗಾರ್ಡಿನರ್ ಕಂಡುಕೊಂಡರು.

ಇದನ್ನೋದಿದಾಗ ನಮಗೆ ಡೊಂಬಿವಿಲಿಯ ನಮ್ಮ ಮನೆಯೇ ಕಣ್ಣಮುಂದೆ ಬಂತು. ಊರಿನಿಂದ ಬಂದ ಅಜ್ಜಿ “ಚೊಂಬು ತಾ ಮಗಾ” ಎಂದರೆ ಮೊಮ್ಮಗಳು ತಪ್ಪದೆ ತರುತ್ತಾಳೆ. ಅದನ್ನೇ ತೋರಿಸಿ “ಇದೇನು?” ಎಂದರೆ “ತಾಂಬ್ಯಾ” ಎನ್ನುತ್ತಾಳೆ. ಕನ್ನಡ ಅವಳಿಗೆ ಗುರುತಿನಲ್ಲಿದೆ, ನಾಲಗೆಗೆ ಬಾರದು. ನಾವು ಗೋಡೆಗೆ ತೂಗುಹಾಕಿದ ಅಕ್ಷರಮಾಲೆಯೂ, ಭಾನುವಾರದ ಕಾಪಿ ಬರವಣಿಗೆಯೂ ಅಕ್ಷರದ ಆಕಾರದಲ್ಲೇ ನಿಂತವು, ತಪ್ಪು ಮಗುವಿನದಲ್ಲ.

‘ಹಂಡೆ’ ಎಂಬ ಮಾತು ಮಾತ್ರ ಕೇಳದೆಯೇ ಅವಳ ಬಾಯಿಗೆ ಬರುತ್ತದೆ. ಹೋದ ಮೇ ರಜೆಯಲ್ಲಿ ಊರಿನ ಬಚ್ಚಲಲ್ಲಿ ಒಲೆಯ ಹೊಗೆಗೆ ಕಣ್ಣುಜ್ಜುತ್ತ ನಿಂತದ್ದನ್ನೂ, ಅಜ್ಜಿ ಹಂಡೆಯಿಂದ ಬಿಸಿನೀರು ಮೊಗೆದು ಹೊಯ್ದದ್ದನ್ನೂ ಅದರ ಹಿಂದೆಯೇ ಹೇಳುತ್ತಾಳೆ.