ಐರ್ಲೆಂಡಿನ ರಸ್ತೆ, ಬಸ್ಸು ಮತ್ತು ಸಣ್ಣ ಗುತ್ತಿಗೆದಾರ

ಗುತ್ತಿಗೆಯಲ್ಲಿ ಮೀಸಲಾತಿ ಎಂದರೆ ನಮಗೆ ಕೂಡಲೇ ನೆನಪಾಗುವುದು ಸರ್ಕಾರಿ ಟೆಂಡರ್‌ಗಳನ್ನು ನಿಯಂತ್ರಿಸುವ ಕರ್ನಾಟಕದ ಕೆಟಿಪಿಪಿ ಕಾಯ್ದೆ. 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಎಂದು ನಿಗದಿಯಾಯಿತು. 2023ರಲ್ಲಿ ಆ ಮಿತಿ ಒಂದು ಕೋಟಿಗೆ ಏರಿತು. ಅಮೆರಿಕದಲ್ಲೂ 1982ರ ಸಾರಿಗೆ ಕಾಯ್ದೆ ಹೆದ್ದಾರಿಗೆ ಸುರಿಯುವ ಫೆಡರಲ್ ಹಣದಲ್ಲಿ ಶೇ 10ರಷ್ಟು ಅವಕಾಶವಂಚಿತರ ಸಂಸ್ಥೆಗಳಿಗೆ ಸಲ್ಲಬೇಕೆಂದಿತು. 1987ರಲ್ಲಿ ಮಹಿಳೆಯರೂ ಆ ಪಟ್ಟಿಗೆ ಸೇರಿದರು. ಐರ್ಲೆಂಡಿನ ರಸ್ತೆ, ರೈಲು, ಬಸ್ಸುಗಳ ಟೆಂಡರ್‌ಗಳಲ್ಲಿ ಇಂಥ ಪಾಲು ಹುಡುಕಿದರೆ ಸಿಗುವುದಿಲ್ಲ. ಬಡವರ ನೆನಪೇ ಆ ದೇಶಕ್ಕಿಲ್ಲ ಎಂದು ಹೇಳಿದರೆ ತಪ್ಪಾದೀತು. ಇನ್ನೂರು ವರ್ಷಗಳಿಂದ ಅದು ಅವರನ್ನು ರಸ್ತೆ ಕೆಲಸಕ್ಕೆ ಕರೆಯುತ್ತಲೇ ಬಂದಿದೆ. ಆದರೆ ಕರೆದದ್ದು ಕೂಲಿಗೆ, ಗುತ್ತಿಗೆಗಲ್ಲ.

ಬ್ರಿಟಿಷರ ಕಾಲದಲ್ಲಿ ಪ್ರತಿ ಕೌಂಟಿಯ ರಸ್ತೆ, ಸೇತುವೆಗಳ ಖರ್ಚನ್ನು ಮಂಜೂರು ಮಾಡುತ್ತಿದ್ದುದು ಗ್ರ್ಯಾಂಡ್ ಜ್ಯೂರಿ ಎಂಬ ಭೂಮಾಲೀಕರ ಕೂಟ. ತೆರಿಗೆ ಕೊಡುವವರು ಒಬ್ಬರು, ರಸ್ತೆ ಯಾರ ಬಂಗಲೆಯ ಮುಂದೆ ಹೋಗಬೇಕೆಂದು ತೀರ್ಮಾನಿಸುವವರು ಇನ್ನೊಬ್ಬರು. ಇಂಥ ಲೋಕದಲ್ಲಿ ಹೊರಗಿನವನೊಬ್ಬ ಮೇಲೆದ್ದ ಕಥೆಯೊಂದಿದೆ. ಲೊಂಬಾರ್ಡಿಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ಐರ್ಲೆಂಡಿಗೆ ಬಂದು ಊರೂರು ಸುತ್ತಿ ಚಿತ್ರಪಟ ಮಾರುತ್ತಿದ್ದ ಚಾರ್ಲ್ಸ್ ಬಿಯಾಂಕೋನಿ, 1815ರಲ್ಲಿ ಕ್ಲಾನ್‌ಮೆಲ್‌ನಿಂದ ಕಾಹಿರ್‌ಗೆ ಕುದುರೆಗಾಡಿ ಓಡಿಸಲು ಶುರುಮಾಡಿದ. ನೆಪೋಲಿಯನ್ ಯುದ್ಧ ಮುಗಿದು ಕುದುರೆ ಅಗ್ಗವಾಗಿದ್ದ ಕಾಲ ಅದು. ಪ್ರಯಾಣಿಕರ ಜೊತೆ ಅಂಚೆಚೀಲವನ್ನೂ ಹೊತ್ತ. ಸರ್ಕಾರಿ ಅಂಚೆಯ ಆದಾಯ ಆ ಗಾಡಿಗಳಿಗೆ ಊರುಗೋಲಾಯಿತು; ಮುಂದೆ ಆತ ಕ್ಲಾನ್‌ಮೆಲ್‌ನ ಮೇಯರ್ ಕೂಡ ಆದ. ಸಾರ್ವಜನಿಕ ಹಣದ ಸಾರಿಗೆ ಗುತ್ತಿಗೆ ಬಂಡವಾಳವಿಲ್ಲದವನನ್ನು ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಐರಿಷ್ ಉದಾಹರಣೆ ನನಗೆ ಕಂಡಿಲ್ಲ. ಆದರೆ ಅದೊಂದು ಅಪವಾದ.

ನಿಯಮ ಯಾವುದೆಂದು ಮಹಾಕ್ಷಾಮ ತೋರಿಸಿತು. ಆಲೂಗಡ್ಡೆ ಬೆಳೆ ಕೊಳೆತ ಮೇಲೆ ಸರ್ಕಾರ ಪರಿಹಾರ ಕಾಮಗಾರಿ ತೆರೆಯಿತು. 1847ರ ಮಾರ್ಚ್ ಹೊತ್ತಿಗೆ 7 ಲಕ್ಷಕ್ಕೂ ಹೆಚ್ಚು ಜನ ಕಲ್ಲು ಒಡೆದು ರಸ್ತೆ ಹಾಕುತ್ತಿದ್ದರು. ಎಲ್ಲಿಗೂ ಹೋಗದೆ ಗುಡ್ಡದ ಮೇಲೆ ನಿಂತುಬಿಟ್ಟ ಕೆಲವು ರಸ್ತೆಗಳು ಪಶ್ಚಿಮದ ಕೌಂಟಿಗಳಲ್ಲಿ ಈಗಲೂ ಉಳಿದಿವೆ. 1898ರಲ್ಲಿ ಗ್ರ್ಯಾಂಡ್ ಜ್ಯೂರಿಗಳ ಆಡಳಿತಾಧಿಕಾರ ಚುನಾಯಿತ ಕೌಂಟಿ ಕೌನ್ಸಿಲ್‌ಗಳಿಗೆ ಬಂತು. ಸುತ್ತಲ ಸಣ್ಣ ರೈತರಿಗೂ ಭೂಹೀನರಿಗೂ ಕೌನ್ಸಿಲ್ಲಿನ ರಸ್ತೆ ಕೆಲಸ ಬಹುಕಾಲ ಕೈಖರ್ಚಿನ ದಾರಿಯಾಯಿತು. ಕೂಲಿಗೆ ದಾರಿ ಹೀಗೆ ತೆರೆದಿದ್ದರೂ ಸಣ್ಣ ಮಾಲೀಕನಿಗೆ ಅದು ಕಿರಿದಾಯಿತು: ಸ್ವತಂತ್ರ ದೇಶದ 1932–33ರ ರಸ್ತೆ ಸಾರಿಗೆ ಕಾಯ್ದೆಗಳು ಒಂದೆರಡು ಬಸ್ಸು ಇಟ್ಟುಕೊಂಡಿದ್ದ ಮಾಲೀಕರನ್ನು ಲೈಸೆನ್ಸಿನ ಹಿಡಿತಕ್ಕೆ ತಂದು, ದೊಡ್ಡ ಸಂಸ್ಥೆಗಳೊಳಗೆ ಕರಗಿಸಿದವು.

1973ರಲ್ಲಿ ಯುರೋಪಿಯನ್ ಸಮುದಾಯ ಸೇರಿದ ಮೇಲೆ ನಮ್ಮವರಿಗೆ ಮೊದಲು ಎನ್ನುವ ದಾರಿಯೇ ಮುಚ್ಚಿಕೊಂಡಿತು. ಡಂಡಾಕ್ ಊರಿನ ನೀರಿನ ಯೋಜನೆಯಲ್ಲಿ ಪೈಪು ಐರಿಷ್ ಮಾನಕದ್ದೇ ಆಗಿರಬೇಕೆಂದು ಬರೆದದ್ದಕ್ಕೆ 1988ರಲ್ಲಿ ಯುರೋಪಿಯನ್ ನ್ಯಾಯಾಲಯದಲ್ಲಿ ಐರ್ಲೆಂಡ್ ಸೋತಿತು. ಎರಡು ವರ್ಷದ ನಂತರ, ಸರ್ಕಾರಿ ಖರೀದಿಯ ಶೇ 30ನ್ನು ಬಡ ದಕ್ಷಿಣ ಪ್ರಾಂತ್ಯಗಳಿಗೆ ಮೀಸಲಿಟ್ಟ ಇಟಲಿಯ ಕಾನೂನೂ ಅದೇ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಅಮೆರಿಕದ ಮಾದರಿಯನ್ನು ಡಬ್ಲಿನ್ ಏಕೆ ತಂದುಕೊಳ್ಳಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ.

ನಂತರದ್ದು ಮೋಟಾರುಮಾರ್ಗಗಳ ದಶಕ. 2000ರಿಂದ 2010ರೊಳಗೆ ಡಬ್ಲಿನ್‌ನಿಂದ ಕಾರ್ಕ್, ಲಿಮರಿಕ್, ಗಾಲ್ವೇ, ವಾಟರ್‌ಫರ್ಡ್ ಹಾಗೂ ಉತ್ತರದ ಗಡಿಯವರೆಗೆ ಹೆದ್ದಾರಿ ಮುಗಿಯಿತು. ಟೋಲ್ ವಸೂಲಿಯ ಪಾಲುದಾರಿಕೆ ಗುತ್ತಿಗೆಗಳಲ್ಲಿ ಸ್ಪೇನಿನ ದೊಡ್ಡ ಕಂಪನಿಗಳೂ ಬಂದವು. ಊರಿನ ಜೆಸಿಬಿ ಮಾಲೀಕ, ಜಲ್ಲಿ ಸಾಗಿಸುವವ, ಬೇಲಿ ಕಟ್ಟುವವ ಎಲ್ಲರೂ ಉಪಗುತ್ತಿಗೆಗೆ ಇಳಿದರು. ಸಣ್ಣ ಕಾಮಗಾರಿಗಳನ್ನು ಸೇರಿಸಿ ಪ್ಯಾಕೇಜ್ ಟೆಂಡರ್ ಕರೆದಾಗ ನಮ್ಮ ಜಿಲ್ಲೆಗಳ ಗುತ್ತಿಗೆದಾರರು ಎಬ್ಬಿಸುವ ಗಲಾಟೆಯನ್ನು ಬಲ್ಲವರಿಗೆ ಇದರ ಒಳಸುಳಿ ಬಿಡಿಸಿ ಹೇಳಬೇಕಿಲ್ಲ.

2008ರ ಕುಸಿತದಲ್ಲಿ ಮುಖ್ಯ ಗುತ್ತಿಗೆದಾರರು ಮುಳುಗಿದಾಗ ಕೆಳಗಿನವರ ಬಿಲ್ಲುಗಳೂ ಮುಳುಗಿದವು. ಆಗ ಸೂಪರ್‌ಮಾರ್ಕೆಟ್ ಉದ್ಯಮಿಯೂ ಸೆನೆಟರೂ ಆಗಿದ್ದ ಫರ್ಗಲ್ ಕ್ವಿನ್ 2010ರಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಅದು 2013ರಲ್ಲಿ ನಿರ್ಮಾಣ ಗುತ್ತಿಗೆಗಳ ಕಾಯ್ದೆಯಾಗಿ, ಜಾರಿಗೆ ಬರಲು 2016ರ ಜುಲೈವರೆಗೆ ಕಾಯಿತು. ‘ನನಗೆ ಮೇಲಿನಿಂದ ಬಂದ ಮೇಲೆ ನಿನಗೆ’ ಎಂಬ ಷರತ್ತಿಗೆ ಈಗ ಸಾಮಾನ್ಯವಾಗಿ ಬೆಲೆಯಿಲ್ಲ. ಹಣದ ಜಗಳವನ್ನು ತೀರ್ಪುಗಾರರು ಸಾಮಾನ್ಯವಾಗಿ 28 ದಿನದೊಳಗೆ ಇತ್ಯರ್ಥ ಮಾಡಬೇಕು. ಇದರಲ್ಲಿ ಮೀಸಲಾತಿಯ ಸೊಲ್ಲೇ ಇಲ್ಲ. ಆದರೂ ಸಣ್ಣವನಿಗೆ ಇಷ್ಟು ನೇರವಾಗಿ ದಕ್ಕಿದ ಇನ್ನೊಂದು ಐರಿಷ್ ಕಾನೂನು ಈ ಕ್ಷೇತ್ರದಲ್ಲಿಲ್ಲ ಎಂದು ನನ್ನ ಲೆಕ್ಕ. ಕೆಲಸ ಸಿಗದವನಿಗಿಂತ ಕೆಲಸ ಮುಗಿಸಿ ಹಣ ಸಿಗದವನು ಬೇಗ ಬೀದಿಗೆ ಬೀಳುತ್ತಾನೆ.

ಇದರ ಜೊತೆಜೊತೆಗೆ ಸುತ್ತೋಲೆಗಳು ಬಂದವು. 2014ರ 10/14 ಸುತ್ತೋಲೆ 25,000 ಯೂರೊ ಮೀರಿದ ಸರಕು, ಸೇವೆಗಳ ಖರೀದಿಗಳನ್ನು ಇ-ಟೆಂಡರ್ಸ್ ತಾಣದಲ್ಲಿ ಪ್ರಕಟಿಸಬೇಕೆಂದಿತು. ಗುತ್ತಿಗೆಯ ಮೌಲ್ಯದ ಎರಡು ಪಟ್ಟಿಗಿಂತ ಹೆಚ್ಚಿನ ವಾರ್ಷಿಕ ವಹಿವಾಟು ಕೇಳಕೂಡದೆಂದಿತು. ಅದೇ ವರ್ಷದ ಯುರೋಪಿಯನ್ ನಿರ್ದೇಶನ, ದೊಡ್ಡ ಗುತ್ತಿಗೆಯನ್ನು ತುಂಡು ಮಾಡದಿದ್ದರೆ ಕಾರಣ ಬರೆಯಿರಿ ಎಂದು ಇಲಾಖೆಗಳಿಗೆ ತಾಕೀತು ಮಾಡಿತು. ಒಳ್ಳೆಯದೇ. ಆದರೆ ಇವೆಲ್ಲ ಯಾರಿಗಾಗಿ? ಎಸ್‌ಎಂಇಗಳಿಗೆ, ಅಂದರೆ 250ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ. ಐರ್ಲೆಂಡಿನ ಉದ್ದಿಮೆಗಳಲ್ಲಿ ಶೇ 99ಕ್ಕೂ ಹೆಚ್ಚು ಈ ಕೊಡೆಯಡಿಯಲ್ಲೇ ಬರುತ್ತವೆ. ಇನ್ನೂರು ಜನರ ಕಂಪನಿಯನ್ನೂ ಒಂದೇ ವ್ಯಾನಿನವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಸವಲತ್ತು ಕೊನೆಗೆ ಯಾರ ಪಾಲಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ನಿರ್ದೇಶನದಲ್ಲಿ ಮೀಸಲು ಗುತ್ತಿಗೆಗೆ ಒಂದು ಕಿಂಡಿ ಇರುವುದೂ ನಿಜ: ನೌಕರರಲ್ಲಿ ಶೇ 30ರಷ್ಟಾದರೂ ಅಂಗವಿಕಲರು ಅಥವಾ ಅವಕಾಶವಂಚಿತರಾಗಿರುವ ಸಂಸ್ಥೆಗಳಿಗೆ. ಅಲ್ಲೂ ಎಣಿಕೆ ಆಳುಗಳದ್ದು, ಮಾಲೀಕರದ್ದಲ್ಲ.

ಬಸ್ಸಿನ ಕಡೆ ತಿರುಗಿದರೆ ಗುತ್ತಿಗೆಯ ಗಾತ್ರವೇ ಗೆಲ್ಲುವವರನ್ನು ಹೇಗೆ ಆರಿಸುತ್ತದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಡಬ್ಲಿನ್ ಬಸ್ಸಿನ ಸುಮಾರು ಶೇ 10ರಷ್ಟು ಮಾರ್ಗಗಳನ್ನು ರಾಷ್ಟ್ರೀಯ ಸಾರಿಗೆ ಪ್ರಾಧಿಕಾರ ಒಂದೇ ಗಂಟಾಗಿ ಟೆಂಡರಿಗೆ ಹಾಕಿದಾಗ, 2017ರಲ್ಲಿ ಗೆದ್ದದ್ದು ಬ್ರಿಟನ್ನಿನ ಗೋ-ಅಹೆಡ್. ಅದೇ ಪ್ರಾಧಿಕಾರದ ಗ್ರಾಮೀಣ ಸಾರಿಗೆಯದು ಬೇರೆ ಚಿತ್ರ. 2002ರಲ್ಲಿ ಪ್ರಯೋಗವಾಗಿ ಶುರುವಾಗಿ ಈಗ ಲೋಕಲ್ ಲಿಂಕ್ ಎನಿಸಿಕೊಂಡಿರುವ ಈ ಯೋಜನೆಯಲ್ಲಿ, ಮುದುಕರನ್ನು ಪೇಟೆಗೋ ಆಸ್ಪತ್ರೆಗೋ ಕರೆದೊಯ್ಯುವ ಮಾರ್ಗಗಳು ಬಿಡಿಬಿಡಿಯಾಗಿ ಊರಿನ ಮಿನಿಬಸ್ ಮಾಲೀಕರಿಗೆ ಸಿಗುತ್ತವೆ. 1967ರಿಂದ ನಡೆದಿರುವ ಶಾಲಾ ಸಾರಿಗೆಯದ್ದೂ ಹೆಚ್ಚುಕಡಿಮೆ ಇದೇ ಕಥೆ: ಹೊಣೆ ಸರ್ಕಾರಿ ಸಂಸ್ಥೆಯಾದ ಬಸ್ ಏರನ್‌ದು, ಓಡಿಸುವವರಲ್ಲಿ ಹೆಚ್ಚಿನವರು ಖಾಸಗಿ ಮಾಲೀಕರು.

ಗಾತ್ರದ ಮಾತು ಬಿಟ್ಟು ಸಮುದಾಯದ ಮಾತಿಗೆ ಬರೋಣ. 2017ರ ಮಾರ್ಚ್ 1ರಂದು ಅಂದಿನ ಪ್ರಧಾನಿ ಎಂಡಾ ಕೆನ್ನಿ ಐರಿಷ್ ಟ್ರಾವೆಲರ್ ಸಮುದಾಯವನ್ನು ಪ್ರತ್ಯೇಕ ಜನಾಂಗೀಯ ಗುಂಪೆಂದು ಸಂಸತ್ತಿನಲ್ಲಿ ಮಾನ್ಯ ಮಾಡಿದರು. ತವರದ ಪಾತ್ರೆ ಕೆಲಸ, ಕುದುರೆ ವ್ಯಾಪಾರ, ಗುಜರಿ ಹೀಗೆ ಸ್ವಂತ ಕಸುಬಿನಿಂದಲೇ ಬದುಕಿಬಂದ ಜನ ಅವರು. ಸಮಾನತೆಯ ಕಾನೂನು ಅವರಿಗೆ ತಾರತಮ್ಯದಿಂದ ರಕ್ಷಣೆ ಕೊಡುತ್ತದೆ. 2014ರ ಮಾನವ ಹಕ್ಕುಗಳ ಕಾಯ್ದೆಯ 42ನೇ ಕಲಂ ಸರ್ಕಾರಿ ಸಂಸ್ಥೆಗಳ ಮೇಲೆ ಸಮಾನತೆಯ ಹೊಣೆ ಹೊರಿಸುತ್ತದೆ. ಆದರೆ ಗುತ್ತಿಗೆ ಕೊಟ್ಟ ಮೇಲೆ ಹೊರಡಿಸುವ ಪ್ರಕಟಣೆಯಲ್ಲಿ, ಗೆದ್ದ ಸಂಸ್ಥೆ ಎಸ್‌ಎಂಇ ಹೌದೋ ಅಲ್ಲವೋ ಎಂಬುದಕ್ಕೆ ಜಾಗವಿದೆ. ಅದರ ಮಾಲೀಕ ಯಾವ ಸಮುದಾಯದವನು ಎಂಬುದಕ್ಕೆ ಇಲ್ಲ.