ಹತ್ತು ಸೆಂಟಿನ ಲೆಕ್ಕ

ಬೆಳಗಾಗುವುದರೊಳಗೆ ಬೀದಿಯ ಕಸ ಗುಡಿಸಿ ಆಗಿರುತ್ತದೆ. ನೀವು ಕಾಫಿ ಮುಗಿಸಿ, ಬಾನುಲಿಯ ವಾರ್ತೆ ಕೇಳಿ, ಬಾಗಿಲಿಗೆ ಬರುವ ಹೊತ್ತಿಗೆ ಆ ಕೆಲಸ ಮಾಡಿದವನು ಮುಂದಿನ ಬೀದಿಗೆ ಹೋಗಿರುತ್ತಾನೆ. ಅವನಿಗೆ ಸಂಬಳ ಕೊಡುವವರು ಯಾರು? ನಗರಸಭೆ ಎನ್ನುತ್ತೀರಿ. ನಗರಸಭೆಗೆ ಹಣವೆಲ್ಲಿಂದ ಬಂತು? ನೀವು ಕೊಟ್ಟ ಮನೆಕಂದಾಯದಿಂದ, ನೀರಿನ ತೆರಿಗೆಯಿಂದ, ಸರ್ಕಾರ ಕೊಡುವ ಅನುದಾನದಿಂದ. ಎಂದಮೇಲೆ ಆತನ ಯಜಮಾನರು ನಾವೇ ಎಂದಂತಾಯಿತಲ್ಲವೆ? ಆದರೆ ಯಜಮಾನನೆಂಬ ಮಾತನ್ನು ಒಪ್ಪಿಕೊಳ್ಳುವುದು ಸುಲಭ. ಅದರ ಹೊಣೆಯನ್ನು ಒಪ್ಪಿಕೊಳ್ಳುವುದು ಕಷ್ಟ. ಈ ಮಾತು ಎಷ್ಟು ನಿಜವೆಂಬುದನ್ನು ಅಮೆರಿಕದ ಒಂದು ನಗರ ಬಹು ದೊಡ್ಡ ಬೆಲೆ ತೆತ್ತು ಕಲಿಯಿತು. ಆ ಕಥೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ನಗರದ ಹೆಸರು ಮೆಂಫಿಸ್. ಟೆನೆಸಿ ಸಂಸ್ಥಾನದಲ್ಲಿ, ಮಿಸಿಸಿಪಿ ನದಿಯ ದಡದಲ್ಲಿದೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಊರು. 1968ರಲ್ಲಿ ಅಲ್ಲಿಯ ಜನರಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಕಪ್ಪು ವರ್ಣದವರು. ಮನೆಮನೆಯ ಹಿತ್ತಿಲಿಗೆ ಹೋಗಿ, ಕಸವನ್ನು ತೊಟ್ಟಿಯಲ್ಲಿ ತುಂಬಿ, ಹೊತ್ತು ತಂದು ಲಾರಿಗೆ ಸುರಿಯುವ ಕೆಲಸ ಬಹುಮಟ್ಟಿಗೆ ಅವರದೇ. ಕೆಲಸ ಮಾಡಿಸುವ ಮೇಸ್ತ್ರಿಗಳು ಬಿಳಿಯರು. ಕೂಲಿ ಗಂಟೆಯ ಲೆಕ್ಕದ್ದು. ದಿನವೆಲ್ಲ ದುಡಿದರೂ ಸಂಸಾರ ಸಾಗದೆ, ಬಡವರಿಗೆಂದು ಸರ್ಕಾರ ಕೊಡುವ ನೆರವನ್ನು ಪಡೆಯುತ್ತಿದ್ದವರು ಅವರಲ್ಲಿ ಅನೇಕರಿದ್ದರು. ನಗರದ ಕೆಲಸ ಮಾಡುವವನಿಗೆ ನಗರದ ಸಂಬಳ ಸಾಲದೆ ಬಂದರೆ, ಉಳಿದುದನ್ನು ಇನ್ನಾವುದೋ ಬೊಕ್ಕಸ ತೆರಬೇಕಾಗುತ್ತದೆ ಎಂಬುದನ್ನು ಗಮನಿಸಿ.

ಆ ವರ್ಷದ ಫೆಬ್ರವರಿ 1ರಂದು ಜೋರು ಮಳೆ. ಎಕೊಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕೆಲಸಗಾರರು ಮಳೆಗೆ ಆಶ್ರಯವಿಲ್ಲದೆ ಕಸದ ಲಾರಿಯ ಹಿಂಭಾಗದಲ್ಲಿ ಹೊಕ್ಕರು. ಕಸವನ್ನು ಅದುಮುವ ಯಂತ್ರ ತಾನಾಗಿ ಚಾಲೂ ಆಯಿತು. ಇಬ್ಬರೂ ಅದರಲ್ಲಿ ಸಿಕ್ಕಿ ಸತ್ತರು. ಗಂಟೆಗೂಲಿಯವರಾದುದರಿಂದ ಕಾನೂನಿನಂತೆ ಅವರ ಮನೆಯವರಿಗೆ ಪರಿಹಾರವೇ ಇರಲಿಲ್ಲ. ನಗರದ ಆಡಳಿತ ತಾನಾಗಿ ಒಂದು ತಿಂಗಳ ಸಂಬಳವನ್ನೂ ಶವಸಂಸ್ಕಾರಕ್ಕೆಂದು 500 ಡಾಲರನ್ನೂ ಕೊಟ್ಟಿತು. ಹಕ್ಕೆಂದು ಏನೂ ಇಲ್ಲ, ಕೃಪೆಯೆಂದು ಇಷ್ಟು. ಈ ಭೇದವನ್ನು ನೀವು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಫೆಬ್ರವರಿ 12ರಂದು ಸುಮಾರು 1,300 ಮಂದಿ ಕೆಲಸಕ್ಕೆ ಹೋಗಲಿಲ್ಲ. ಅವರ ಬೇಡಿಕೆಗಳು ಹಲವಾಗಿದ್ದುವು: ಕೂಲಿ ಏರಬೇಕು, ಹೆಚ್ಚಿನ ಹೊತ್ತು ದುಡಿದರೆ ಹೆಚ್ಚಿನ ಕೂಲಿ ಬೇಕು, ಅಹವಾಲು ಹೇಳಿಕೊಳ್ಳಲು ಒಂದು ಕ್ರಮ ಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ತಮ್ಮ ಸಂಘವನ್ನು ನಗರ ಮಾನ್ಯಮಾಡಬೇಕು. ಸಂಘದ ಚಂದಾ ಹಣವನ್ನು ಸಂಬಳದಲ್ಲೇ ಮುರಿದುಕೊಂಡು ಸಂಘಕ್ಕೆ ಸಲ್ಲಿಸಬೇಕು. ಕೊನೆಯದು ಸಣ್ಣ ಮಾತೆಂದು ತೋರಬಹುದು. ಆದರೆ ಬಡವರ ಸಂಘಕ್ಕೆ ಅದೇ ಉಸಿರು. ಮನೆಮನೆಗೆ ಹೋಗಿ ಚಂದಾ ಎತ್ತಬೇಕಾದ ಸಂಘ ಹೆಚ್ಚು ಕಾಲ ಬದುಕುವುದಿಲ್ಲ.

ಈಗ ನಗರದ ಆಡಳಿತದ ಕಡೆಗೆ ನೋಡೋಣ. ಅಮೆರಿಕದ ನಗರಗಳಲ್ಲಿ ಹಣದ ಚೀಲ ಸಾಮಾನ್ಯವಾಗಿ ನಗರಸಭೆಯ ಕೈಯಲ್ಲಿರುತ್ತದೆ. ಅವರ ಹಣಕಾಸಿನ ವರ್ಷ ಅನೇಕ ಕಡೆಗಳಲ್ಲಿ ಜುಲೈ 1ಕ್ಕೆ ಮೊದಲಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಯಾವ ಇಲಾಖೆಗೆ ಎಷ್ಟು ಎಂಬುದನ್ನು ಸಭೆ ವರ್ಷದ ಆರಂಭದಲ್ಲೇ ಗೊತ್ತುಮಾಡುತ್ತದೆ. ಆದುದರಿಂದ ಕಾರ್ಮಿಕ ಸಂಘದೊಡನೆ ಮಾಡಿಕೊಳ್ಳುವ ಒಪ್ಪಂದ ಎಷ್ಟೇ ಚೆನ್ನಾಗಿರಲಿ, ಆಯವ್ಯಯದ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಬೀಳುವವರೆಗೆ ಅದು ಬರಿಯ ಕಾಗದ. ಸಾಲು ಬೀಳಬೇಕಾದರೆ ಬೇರೆ ಯಾವುದೋ ಸಾಲು ಕುಗ್ಗಬೇಕು, ಇಲ್ಲವೆ ತೆರಿಗೆ ಏರಬೇಕು. ಇದು ಎಲ್ಲ ನಗರಗಳ ಕಷ್ಟ.

ಮೆಂಫಿಸಿಗೆ ಇನ್ನೊಂದು ತೊಡಕು ಸೇರಿತ್ತು. ಅಲ್ಲಿ 1968ರ ಜನವರಿ 1ರಂದಷ್ಟೇ ಹಳೆಯ ಆಯುಕ್ತ ಮಂಡಲಿ ಹೋಗಿ, ಒಬ್ಬ ಮೇಯರು ಮತ್ತು 13 ಮಂದಿ ಸದಸ್ಯರ ಹೊಸ ಸಭೆ ಬಂದಿತ್ತು. ಸದಸ್ಯರಲ್ಲಿ ಮೂವರು ಕಪ್ಪು ವರ್ಣದವರು. ಯಾರ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂಬುದು ಯಾರಿಗೂ ಇನ್ನೂ ಅಭ್ಯಾಸವಾಗಿರಲಿಲ್ಲ. ಮೇಯರ್ ಹೆನ್ರಿ ಲೋಬ್ ಹಿಂದೆ ಇದೇ ಲೋಕೋಪಯೋಗಿ ಇಲಾಖೆಯನ್ನು ನಡೆಸಿದವರು. ನಗರದ ನೌಕರರು ಮುಷ್ಕರ ಹೂಡುವುದು ಕಾನೂನಿಗೆ ವಿರುದ್ಧ, ಕೆಲಸಕ್ಕೆ ಮರಳುವ ತನಕ ಮಾತಿಲ್ಲ, ಸಂಘದೊಡನೆ ಕರಾರಿಗೆ ಸಹಿ ಹಾಕುವುದಿಲ್ಲ ಎಂದು ಅವರು ಪಟ್ಟು ಹಿಡಿದರು.

ಕಾರ್ಮಿಕರು ಸಭೆಯ ಮೊರೆಹೊಕ್ಕರು. ಫೆಬ್ರವರಿ 22ರಂದು ಫ್ರೆಡ್ ಡೇವಿಸ್ ಎಂಬ ಸದಸ್ಯರ ಅಧ್ಯಕ್ಷತೆಯ ಉಪಸಮಿತಿಯ ಮುಂದೆ ನೂರಾರು ಜನ ಬಂದು ಕುಳಿತರು. ಉಪಸಮಿತಿ ಅವರ ಸಂಘವನ್ನು ಮಾನ್ಯಮಾಡಬೇಕೆಂದು ಶಿಫಾರಸು ಮಾಡಿತು. ಮಾರನೆಯ ದಿನ ಪೂರ್ಣ ಸಭೆ ಸೇರಿತು. ಇದು ಮೇಯರಿಗೆ ಸೇರಿದ ವಿಷಯ ಎಂದು ಹೇಳಿ ಕೈತೊಳೆದುಕೊಂಡಿತು. ಕಾನೂನು ಬಿಡದು ಎಂದು ಮೇಯರು, ಮೇಯರು ಬಿಡರು ಎಂದು ಸಭೆ. ಅತ್ತೆ ಸೊಸೆಯರ ನಡುವೆ ಅತಿಥಿ ಉಪವಾಸ ಬಿದ್ದಂತಾಯಿತು. ಅಂದು ಮೆರವಣಿಗೆ ಹೊರಟವರ ಕಣ್ಣಿಗೆ ಪೊಲೀಸರು ಉರಿಯುವ ಅನಿಲ ಎರಚಿದರು. ಪೆಟ್ಟು ತಿಂದವರಲ್ಲಿ ಪಾದ್ರಿಗಳೂ ಇದ್ದರು. ಕಸದ ಜಗಳ ಅಲ್ಲಿಗೆ ಇಡೀ ಜನಾಂಗದ ಜಗಳವಾಯಿತು.

ಪಾದ್ರಿಗಳು ಕೂಡಿ ಮಾಡಿಕೊಂಡ ಸಮಿತಿಗೆ ಅಧ್ಯಕ್ಷರಾದವರು ಜೇಮ್ಸ್ ಲಾಸನ್. ಅವರ ಹೆಸರು ನಮಗೆ ಅಷ್ಟು ದೂರದ್ದಲ್ಲ. 1953ರಿಂದ ಸುಮಾರು ಮೂರು ವರ್ಷ ಅವರು ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು, ಗಾಂಧೀಜಿಯವರ ಸತ್ಯಾಗ್ರಹವನ್ನು ಈ ನೆಲದಲ್ಲೇ ಅಭ್ಯಾಸಮಾಡಿ ಹೋದವರು. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಮೆಂಫಿಸಿಗೆ ಕರೆದವರೂ ಅವರೇ. ಕಾರ್ಮಿಕರು ಎದೆಯ ಮೇಲೆ “ನಾನು ಮನುಷ್ಯ” ಎಂಬ ಫಲಕ ಧರಿಸಿ ದಿನವೂ ಬೀದಿಯಲ್ಲಿ ನಡೆದರು. ಇಷ್ಟು ಸೆಂಟು ಕೊಡಿ ಎಂದು ಅದರ ಮೇಲೆ ಬರೆದಿರಲಿಲ್ಲ.

ಮುಂದೆ ನಡೆದುದು ಜಗತ್ತಿಗೆಲ್ಲ ಗೊತ್ತು. ಮಾರ್ಚ್ 28ರ ಮೆರವಣಿಗೆ ಗಲಭೆಯಲ್ಲಿ ಮುಗಿಯಿತು. 16 ವರ್ಷದ ಹುಡುಗನೊಬ್ಬ ಪೊಲೀಸರ ಗುಂಡಿಗೆ ಬಲಿಯಾದ. ಶಾಂತವಾದ ಮೆರವಣಿಗೆ ನಡೆಸಿ ತೋರಿಸಬೇಕೆಂದು ಕಿಂಗ್ ಮತ್ತೆ ಬಂದರು. ಏಪ್ರಿಲ್ 4ರ ಸಂಜೆ ಲೊರೇನ್ ಮೋಟೆಲಿನ ಮೊಗಸಾಲೆಯಲ್ಲಿ ನಿಂತಿದ್ದಾಗ ಗುಂಡಿಗೆ ಬಲಿಯಾದರು. ಅವರಿಗೆ 39 ವರ್ಷ. ಅಧ್ಯಕ್ಷ ಜಾನ್ಸನ್ ತಮ್ಮ ಕಾರ್ಮಿಕ ಇಲಾಖೆಯ ಜೇಮ್ಸ್ ರೆನಾಲ್ಡ್ಸ್ ಅವರನ್ನು ಸಂಧಾನಕ್ಕೆ ಕಳುಹಿದರು. ಏಪ್ರಿಲ್ 8ರಂದು ಕಿಂಗ್ ಅವರ ಪತ್ನಿ ಮುಂದೆ ನಿಂತು ಮೌನ ಮೆರವಣಿಗೆ ನಡೆಸಿದರು. ಏಪ್ರಿಲ್ 16ರಂದು, 65 ದಿನಗಳ ಮೇಲೆ, ಒಪ್ಪಂದವಾಯಿತು.

ಆ ಒಪ್ಪಂದದಲ್ಲಿ ಇದ್ದುದೇನು? ಗಂಟೆಗೆ ಹತ್ತು ಸೆಂಟಿನ ಏರಿಕೆ ಮೇ 1ರಿಂದ. ಇನ್ನು ಐದು ಸೆಂಟು ಸೆಪ್ಟೆಂಬರ್ 1ರಿಂದ. ಸಂಘಕ್ಕೆ ಮಾನ್ಯತೆ. ಚಂದಾ ವಿಷಯಕ್ಕೆ ಒಂದು ಒಳದಾರಿ: ನಗರ ನೇರವಾಗಿ ಸಂಘಕ್ಕೆ ಮುರಿದುಕೊಡುವುದಿಲ್ಲ, ಕೆಲಸಗಾರನ ಹಣ ನೌಕರರ ಸಹಕಾರಿ ಪತ್ತಿನ ಸಂಘಕ್ಕೆ ಹೋಗಲಿ, ಅಲ್ಲಿಂದ ಕಾರ್ಮಿಕ ಸಂಘಕ್ಕೆ ಸಲ್ಲಲಿ. ಇಡೀ ದಸ್ತಾವೇಜನ್ನು ಕರಾರು ಎನ್ನದೆ ತಿಳಿವಳಿಕೆಯ ಪತ್ರ ಎಂದು ಕರೆದು, ನಗರಸಭೆ ನಿರ್ಣಯದ ಮೂಲಕ ಒಪ್ಪಿಕೊಂಡಿತು. ಫೆಬ್ರವರಿಯಲ್ಲಿ ತನ್ನದಲ್ಲ ಎಂದಿದ್ದ ಕೆಲಸವನ್ನು ಸಭೆ ಏಪ್ರಿಲಿನಲ್ಲಿ ತಾನೇ ಮಾಡಿತು.

ಆದರೆ ಹಣ? ಜೂನ್ 30ರವರೆಗಿನ ಆಯವ್ಯಯದಲ್ಲಿ ಈ ಏರಿಕೆಗೆ ಸಾಲು ಇರಲಿಲ್ಲ. ನೀವೇ ಲೆಕ್ಕ ಹಾಕಿ. 1,300 ಜನ, ಗಂಟೆಗೆ ಹತ್ತು ಸೆಂಟು, ವಾರಕ್ಕೆ 40 ಗಂಟೆ ಎಂದು ಹಿಡಿದರೆ ವಾರಕ್ಕೆ 5,200 ಡಾಲರು. ಮೇ, ಜೂನ್ ಎರಡು ತಿಂಗಳಿಗೆ 45,000ದ ಆಸುಪಾಸು. ಆ ಹಣವನ್ನು ಕೊಟ್ಟವನು ಏಬ್ ಪ್ಲೌ ಎಂಬ ಮೆಂಫಿಸಿನ ಔಷಧಿ ತಯಾರಕ. ಹೆಸರು ಹೊರಬೀಳಬಾರದೆಂದು ಹೇಳಿ ಆತ 60,000 ಡಾಲರ್ ದಾನ ಮಾಡಿದ. ಹೊಸ ವರ್ಷದ ಆಯವ್ಯಯ ಬರುವವರೆಗೆ ಏರಿಕೆಗೆ ಅದೇ ಆಧಾರವಾಯಿತು. ಇಷ್ಟು ಹಣಕ್ಕಾಗಿ ಒಂದು ನಗರ 65 ದಿನ ಕಸದಲ್ಲಿ ಕೂತಿತು. ಒಬ್ಬ ಮಹಾಪುರುಷನ ಪ್ರಾಣವೂ ಅಲ್ಲಿ ಹೋಯಿತು. ಹಣ ಇರಲಿಲ್ಲ ಎನ್ನುವಂತಿಲ್ಲ. ಅದು ತಾನು ತೆರಬೇಕಾದ ಹಣ ಎಂದು ಒಪ್ಪುವ ಮನಸ್ಸು ಇರಲಿಲ್ಲ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಮುಷ್ಕರದ ಬಳಿಕ ಈ ಕೆಲಸಗಾರರು ನಗರದ ಸ್ವಂತ ನಿವೃತ್ತಿವೇತನ ನಿಧಿಗೆ ಸೇರದೆ, ಕೇಂದ್ರ ಸರ್ಕಾರದ ಸಾಮಾಜಿಕ ಭದ್ರತೆಯ ಯೋಜನೆಗೆ ಸೇರಿದರು. ಅಂದಿಗೆ ಅದೇ ವಾಸಿಯೆಂದು ತೋರಿತು. ವರ್ಷಗಳು ಕಳೆದಂತೆ ಆ ಹಣ ಮುಪ್ಪಿಗೆ ಸಾಲದೆಂದು ತಿಳಿಯಿತು. ಅವರಲ್ಲಿ ಕೆಲವರು ಎಂಬತ್ತು ದಾಟಿದ ಮೇಲೂ ಕಸದ ಲಾರಿ ಏರಬೇಕಾಯಿತು. ಕೊನೆಗೆ 2017ರಲ್ಲಿ, ಸುಮಾರು ಅರ್ಧ ಶತಮಾನದ ಮೇಲೆ, ಬದುಕುಳಿದ ಮುಷ್ಕರಗಾರರಿಗೆ ತಲಾ 50,000 ಡಾಲರ್ ಅನುದಾನ ಕೊಡುವುದಾಗಿ ಮೇಯರು ಘೋಷಿಸಿದರು. ನಗರಸಭೆ ಅದನ್ನು 70,000ಕ್ಕೆ ಏರಿಸಿ ಮಂಜೂರು ಮಾಡಿತು. ಮೊದಲು ಗುರುತಿಸಿದಾಗ ಉಳಿದಿದ್ದವರು ಕೇವಲ 14 ಮಂದಿ. ಸಂಬಳವಾಗಿ, ನಿವೃತ್ತಿವೇತನವಾಗಿ ಸಕಾಲದಲ್ಲಿ ಸಲ್ಲಬೇಕಾದುದು ಅನುದಾನವೆಂಬ ಹೆಸರಿನಲ್ಲಿ, ಪಡೆಯುವವರಲ್ಲಿ ಬಹುಜನ ಇಲ್ಲವಾದ ಮೇಲೆ ಸಂದಿತು.

ದಾನಕ್ಕೂ ಋಣಕ್ಕೂ ಇರುವ ಅಂತರವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ದಾನ ಕೊಟ್ಟವನಿಗೆ ಕೀರ್ತಿ. ಋಣ ತೀರಿಸಿದವನಿಗೆ ನೆಮ್ಮದಿ. ಮೆಂಫಿಸ್ ನಗರ 1968ರ ಫೆಬ್ರವರಿಯಲ್ಲಿ ಸತ್ತವರ ಮನೆಗೆ 500 ಡಾಲರ್ ಕೊಟ್ಟುದು ದಾನ, ಮೇ ತಿಂಗಳ ಹತ್ತು ಸೆಂಟಿಗೆ ಆಧಾರವಾದುದೂ ಒಬ್ಬ ಧನಿಕನ ದಾನ, 2017ರಲ್ಲಿ ಕೊಟ್ಟುದಕ್ಕೂ ಅನುದಾನವೆಂದೇ ಹೆಸರು. ಆಯವ್ಯಯದ ಪುಸ್ತಕದಲ್ಲಿ ಸಕಾಲದಲ್ಲಿ ಬರೆಯಬೇಕಾದ ಒಂದು ಸಾಲನ್ನು ಬರೆಯದೆ ಬಿಟ್ಟುದರಿಂದ ಇವೆಲ್ಲ ಬೇಕಾದುವು.

ನಗರಸಭೆಯ ಆಯವ್ಯಯ ನಮಗೆಲ್ಲ ಒಣ ವಿಷಯ. ಪತ್ರಿಕೆಯಲ್ಲಿ ಬಂದರೆ ಪುಟ ತಿರುವುತ್ತೇವೆ. ಮುಂದಿನ ಸಲ ಅದು ಕಣ್ಣಿಗೆ ಬಿದ್ದಾಗ ಒಂದು ನಿಮಿಷ ನಿಂತು, ನೈರ್ಮಲ್ಯದ ತಲೆಬರಹದ ಕೆಳಗೆ ಏನಿದೆ, ಯಾರ ಹೆಸರಿಗೆ ಎಷ್ಟಿದೆ, ಅದು ಸಂಬಳವೋ ಸಹಾಯವೋ ಎಂದು ನೋಡಿ. ಬೆಳಗಿನ ಹೊತ್ತು ನಿಮ್ಮ ಬೀದಿಯಲ್ಲಿ ಹಾದುಹೋದವನ ಪಾಲು ಅಲ್ಲಿದೆ.